ಕೊಳೆತ ಮಾವಿನ ದಿಮ್ಮಿಯಲ್ಲಿ ರಾಗಿ ಕಾಳಿಗಿಂತ ಚಿಕ್ಕ ದುಂಬಿ: ಇದು ಹೊಸ ಪ್ರಭೇದವೇ ಅಂತ ತಿಳಿಯೋದು ಹೇಗೆ?

ಹೊಳಲ್ಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಒಂದು ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಇದೆ, ಓದಿ.

ನಮ್ಮ ತೋಟದ ಬದುವಿನಲ್ಲಿದ್ದ ಮಾವಿನ ಮರ ಮೂರು ವರ್ಷದ ಹಿಂದೆ ಗಾಳಿಗೆ ಬಿತ್ತು. ರೆಂಬೆಯೆಲ್ಲ ಒಲೆಗೆ ಹೋಯಿತು. ದಪ್ಪ ದಿಮ್ಮಿ ಮಾತ್ರ ಅಲ್ಲೇ ಮಳೆಗೆ ನೆನೆಯುತ್ತಾ ಬಿಸಿಲಿಗೆ ಒಣಗುತ್ತಾ ಬಿದ್ದಿದೆ. ಹೋದ ವಾರ ಮಳೆ ನಿಂತ ಮೇಲೆ ಅಣಬೆ ತೋರಿಸೋಣ ಅಂತ ಎಂಟನೇ ತರಗತಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬಳು ಹುಡುಗಿ ತೊಗಟೆ ಎಬ್ಬಿಸಿ ನೋಡಿ, "ಸರ್, ಇಲ್ಲಿ ಧೂಳು ಓಡ್ತಿದೆ" ಅಂದಳು. ನನಗೆ ಮೊದಲು ಏನೂ ಕಾಣಲಿಲ್ಲ. ಬಗ್ಗಿ ಹತ್ತಿರದಿಂದ ನೋಡಿದರೆ ಅವಳು ಹೇಳಿದ್ದು ನಿಜ. ಧೂಳಿನ ಕಣಗಳು ನಡೆಯುತ್ತಿದ್ದವು.

ತೊಗಟೆ ಸಮೇತ ತಂದು ಶಾಲೆಯ ಮೈಕ್ರೋಸ್ಕೋಪಿನಲ್ಲಿ ಇಟ್ಟೆವು. ಆರು ಕಾಲು. ಬೆನ್ನ ಮೇಲೆ ಗಟ್ಟಿ ರೆಕ್ಕೆ. ಕುಡಿಮೀಸೆಯ ತುದಿ ಗಂಟುಗಂಟಾಗಿ ದಪ್ಪ. ಗ್ರಾಫ್ ಹಾಳೆಯ 1 ಮಿ.ಮೀ. ಚೌಕದ ಮೇಲೆ ಇಟ್ಟು ನೋಡಿದೆವು. ಉದ್ದ ಮುಕ್ಕಾಲು ಚೌಕವೂ ಬರುವುದಿಲ್ಲ. ಪಕ್ಕದಲ್ಲಿ ಒಂದು ರಾಗಿ ಕಾಳು ಇಟ್ಟರೆ ಅದು ದುರ್ಗದ ಬಂಡೆ ಥರ ಕಾಣುತ್ತದೆ!

ಇನ್ನೂ ಒಂದು ಸೋಜಿಗ ಇದೆ. ಇವುಗಳಲ್ಲಿ ಎರಡು ಬಗೆ. ಜಾಸ್ತಿ ಇರುವುದು ತಿಳಿ ಹಳದಿ ಬಣ್ಣದ್ದು, ಅದಕ್ಕೆ ಕಣ್ಣೇ ಇಲ್ಲ. ಅಲ್ಲೊಂದು ಇಲ್ಲೊಂದು ಕಂದು ಬಣ್ಣದ್ದು ಇದೆ, ಅದಕ್ಕೆ ಕಪ್ಪು ಕಣ್ಣು ಚೆನ್ನಾಗಿ ಕಾಣುತ್ತದೆ. ಎರಡೂ ಹೊಸ ಪ್ರಭೇದ ಇರಬಹುದಾ? ಹೊಸದು ಅಂತ ಯಾರು ಹೇಳಬೇಕು? ಎಲ್ಲಿಗೆ ಕಳಿಸಬೇಕು? ಮಕ್ಕಳು ಆಗಲೇ ಹೆಸರು ಯೋಚಿಸಲು ಶುರು ಮಾಡಿದ್ದಾರೆ. ಫೋಟೋ ಹಾಕಿದ್ದೇನೆ, ಮಸುಕಾಗಿದೆ, ಕ್ಷಮಿಸಿ.

ಕೋಟೆ ಬೀದಿ

ನುಸಿ ಅಲ್ವಾ ಸರ್ ಇದು? ನಮ್ಮ ತೆಂಗಿನ ಮರದ ನುಸಿನೂ ಹೀಗೇ ಪುಡಿ ಥರ ಇರುತ್ತಂತೆ.

ಕೀಟ ವಿದ್ಯಾರ್ಥಿನಿ

ನುಸಿ ಅಲ್ಲ ಅಣ್ಣ. ನುಸಿ ಕೀಟವೇ ಅಲ್ಲ, ಅದು ಜೇಡ ಚೇಳುಗಳ ಕಡೆಯ ಜೀವಿ. ಸಾಮಾನ್ಯವಾಗಿ ಎಂಟು ಕಾಲು. ತೆಂಗಿನ ಕಾಯಿಗೆ ಬರುವ ನುಸಿಗೆ ಮಾತ್ರ ನಾಲ್ಕೇ ಕಾಲು, ಅದು ಬರಿಗಣ್ಣಿಗೆ ಕಾಣುವುದೂ ಇಲ್ಲ. ಮೇಷ್ಟ್ರು ಕುಡಿಮೀಸೆ ಮತ್ತು ಆರು ಕಾಲು ನೋಡಿದ್ದಾರೆ. ಬೆನ್ನ ಮೇಲಿನ ಎರಡು ಗಟ್ಟಿ ರೆಕ್ಕೆ ನಡುವೆ ನೇರ ಗೆರೆಯಲ್ಲಿ ಕೂಡಿಕೊಂಡಿವೆ. ಇದು ದುಂಬಿಯೇ.

ಮೇಷ್ಟ್ರೇ, ನಾನು ಕೀಟಶಾಸ್ತ್ರ ಓದುತ್ತಿದ್ದೇನೆ. ಊರು ದಾವಣಗೆರೆ, ಸದ್ಯ ಬೆಂಗಳೂರು. ನಿಮ್ಮ ಫೋಟೋ ನೋಡಿ ಎದ್ದು ಕೂತೆ. ಕುಡಿಮೀಸೆಯ ಗಂಟುಗಳ ಸುತ್ತ ಉದ್ದ ಕೂದಲು ಕಾಣುತ್ತಿದೆ. ಇದು ಟಿಲಿಡೀ ಕುಟುಂಬದ್ದು ಅನ್ನಿಸುತ್ತದೆ, ಗರಿರೆಕ್ಕೆ ದುಂಬಿಗಳ ಕುಟುಂಬ. ಗ್ರೀಕಿನಲ್ಲಿ ಟಿಲಾನ್ ಅಂದರೆ ಗರಿ. ಗಟ್ಟಿ ರೆಕ್ಕೆಯ ಕೆಳಗೆ ಮಡಚಿಟ್ಟ ರೆಕ್ಕೆ ನಮ್ಮ ನೊಣದ ರೆಕ್ಕೆಯಂತೆ ಹಾಳೆ ಅಲ್ಲ. ನಡುವೆ ಒಂದು ಸಣ್ಣ ಕಡ್ಡಿ, ಸುತ್ತ ಉದ್ದುದ್ದ ಕೂದಲು, ಅಷ್ಟೇ. ಅದರಲ್ಲೇ ಹಾರುತ್ತವೆ. ಇಷ್ಟು ಚಿಕ್ಕ ದೇಹಕ್ಕೆ ಗಾಳಿಯೇ ಮಂದವಾದ ಪಾನಕದ ಹಾಗೆ. ಹಾಗಾಗಿ ಕೂದಲ ರೆಕ್ಕೆಯೇ ದೋಣಿಗೆ ಹುಟ್ಟು ಹಾಕಿದಂತೆ ಕೆಲಸ ಮಾಡುತ್ತದೆ, ತೂಕವೂ ಉಳಿಯುತ್ತದೆ. ಈ ಕುಟುಂಬದ ಒಂದು ದುಂಬಿ ಹಾರುವುದನ್ನು ಅತಿ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2022ರಲ್ಲಿ ವಿವರಿಸಿದ್ದಾರೆ. ಅದರ ಉದ್ದ 0.4 ಮಿ.ಮೀ. ಹತ್ತಿರ.

ಜಗತ್ತಿನ ಅತಿ ಚಿಕ್ಕ ದುಂಬಿಯೂ ಇದೇ ಕುಟುಂಬದ್ದು. ಹೆಸರು ಸೈಡೊಸೆಲ್ಲಾ ಮುಸವಾಸೆನ್ಸಿಸ್. ನಿಕರಾಗುವಾದಲ್ಲಿ ಸಿಕ್ಕಿ 1999ರಲ್ಲಿ ಹೆಸರು ಪಡೆಯಿತು. ಸ್ವತಂತ್ರವಾಗಿ ಬದುಕುವ ಕೀಟಗಳಲ್ಲೇ ಇದಕ್ಕಿಂತ ಚಿಕ್ಕದು ಈವರೆಗೆ ಸಿಕ್ಕಿಲ್ಲ. ಇದರ ಕಥೆಯಿಂದ ನಿಮಗೊಂದು ಎಚ್ಚರಿಕೆ ಇದೆ. ಮೊದಲು ಸಿಕ್ಕ ದುಂಬಿಗಳನ್ನೆಲ್ಲ ಗಾಜಿನ ಸ್ಲೈಡ್ ಮೇಲೆ ಅಂಟಿಸಿಬಿಟ್ಟಿದ್ದರು. ಹಾಗಾಗಿ ನಿಖರ ಉದ್ದ ಅಳೆಯಲು ಆಗುತ್ತಿರಲಿಲ್ಲ. ಆಮೇಲೆ ರಷ್ಯಾದ ಅಲೆಕ್ಸಿ ಪೊಲಿಲೊವ್ ಕೊಲಂಬಿಯಾದಲ್ಲಿ ಅಣಬೆಯ ಮೇಲೆ ಅದನ್ನೇ ಮತ್ತೆ ಹಿಡಿದು 85 ದುಂಬಿಗಳನ್ನು ಅಳೆದರು. ಅತಿ ಚಿಕ್ಕದು 0.325 ಮಿ.ಮೀ. ಇದು 2015ರ ಮಾತು. ಆದ್ದರಿಂದ ಎಲ್ಲವನ್ನೂ ಒಂದೇ ಸಲ ಸ್ಲೈಡ್ ಮಾಡಬೇಡಿ. ಕೆಲವು ಇಡಿಯಾಗಿ ಆಲ್ಕೋಹಾಲಿನಲ್ಲಿ ಇರಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬಣ್ಣ ಬೇರೆ, ಕಣ್ಣು ಇದೆ, ಕಣ್ಣು ಇಲ್ಲ. ಹಾಗಂತ ಎರಡು ಪ್ರಭೇದ ಅಂದುಕೊಳ್ಳಬೇಡಿ. ಈ ಕುಟುಂಬದಲ್ಲಿ, ಅದರಲ್ಲೂ ತೊಗಟೆ ಕೆಳಗೆ ಇರುವವುಗಳಲ್ಲಿ, ಒಂದೇ ಪ್ರಭೇದಕ್ಕೆ ಎರಡು ರೂಪ ಇರುವುದುಂಟು. ದಿಮ್ಮಿಯೊಳಗೇ ಹುಟ್ಟಿ ಅಲ್ಲೇ ಸಾಯುವವಕ್ಕೆ ಕಣ್ಣೂ ಬೇಡ ರೆಕ್ಕೆಯೂ ಬೇಡ, ಬಿಳಚಿಕೊಂಡಿರುತ್ತವೆ. ದಿಮ್ಮಿ ಕೊಳೆತು ಮುಗಿಯುವಾಗ ಬೇರೆ ದಿಮ್ಮಿ ಹುಡುಕಬೇಕಲ್ಲ? ಆ ಕೆಲಸಕ್ಕೆ ಕಣ್ಣು ರೆಕ್ಕೆ ಇರುವ ಕಂದು ಬಣ್ಣದವು. ಒಂದೇ ತಾಯಿಯ ಮಕ್ಕಳೂ ಇರಬಹುದು. ಇದನ್ನು ಗಮನಿಸದೆ ಎರಡು ಹೆಸರು ಕೊಟ್ಟರೆ ಮುಂದೆ ಯಾರೋ ಬಂದು ಒಂದನ್ನು ತೆಗೆದುಹಾಕಬೇಕಾಗುತ್ತದೆ.

ಜಗಳೂರು ಸೀಮೆ

ಎಷ್ಟು ಚೆನ್ನಾಗಿ ವಿವರಿಸಿದಿರಿ ತಂಗಿ. ಒಂದು ದಿಮ್ಮಿಯೊಳಗೆ ಇಷ್ಟು ಸಂಸಾರ ಇದೆ ಅಂತ ಗೊತ್ತೇ ಇರಲಿಲ್ಲ.

ಫೋನಿನ ಆ್ಯಪ್‌ನಲ್ಲಿ ಫೋಟೋ ಹಾಕಿದರೆ ಹೆಸರು ಬರಲ್ವಾ? ನಾನು ಹಕ್ಕಿಗಳಿಗೆ ಹಾಗೇ ಮಾಡುತ್ತೇನೆ.

ಕೀಟ ವಿದ್ಯಾರ್ಥಿನಿ

ಹಕ್ಕಿಗೆ ಸರಿ. ದೊಡ್ಡ ಚಿಟ್ಟೆಗೂ ಸರಿ. ಇದಕ್ಕೆ ಆಗಲ್ಲ ಅಣ್ಣ. ಇವುಗಳನ್ನು ಹೊರಗಿನಿಂದ ನೋಡಿ ಕುಲದವರೆಗೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನವರೆಗೆ, ಹೋಗುವುದೇ ಕಷ್ಟ. ಪ್ರಭೇದ ಗುರುತಿಸಲು ಒಳಗಿನ ಭಾಗ ನೋಡಬೇಕು. ಗಂಡಿನ ಜನನಾಂಗದ ಆಕಾರ ನೋಡುತ್ತಾರೆ. ಈ ಕುಟುಂಬದಲ್ಲಿ ಅದಕ್ಕಿಂತ ಮುಖ್ಯ ಹೆಣ್ಣಿನ ಹೊಟ್ಟೆಯಲ್ಲಿರುವ, ವೀರ್ಯ ಕೂಡಿಡುವ ಸಣ್ಣ ಚೀಲ. ಅದರ ಸುರುಳಿ, ಬಾಗು, ಕೊಕ್ಕೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಕೆಲವು ಪ್ರಭೇದಗಳಲ್ಲಿ ಗಂಡು ಸಿಗುವುದೇ ಇಲ್ಲ, ಹೆಣ್ಣುಗಳೇ ಮರಿ ಮಾಡುತ್ತವೆ. ಆಗ ಆ ಚೀಲವೂ ಸರಿಯಾಗಿ ಬೆಳೆದಿರುವುದಿಲ್ಲ, ಕೆಲಸ ಇನ್ನೂ ಕಷ್ಟ.

ಚನ್ನಗಿರಿ ತೋಟ

ತಪ್ಪು ತಿಳಿಯಬೇಡಿ, ನಾನು ರೈತ. ನೇರವಾಗಿ ಕೇಳುತ್ತೇನೆ. ಇಷ್ಟೆಲ್ಲ ಕಷ್ಟಪಟ್ಟು ಈ ಹುಳಕ್ಕೆ ಹೆಸರಿಟ್ಟರೆ ತೋಟಕ್ಕೆ ಏನು ಲಾಭ? ನಮಗೆ ಬೇರುಹುಳದ ಕಾಟವೇ ಸಾಕಾಗಿದೆ.

ಕೀಟ ವಿದ್ಯಾರ್ಥಿನಿ

ಪ್ರಶ್ನೆ ಸರಿಯಾಗೇ ಇದೆ ಅಣ್ಣ. ಈ ದುಂಬಿ ತಿನ್ನುವುದು ಬೂಷ್ಟು ಮತ್ತು ಅಣಬೆಯ ಬೀಜಕಣ. ಕೊಳೆಯುವ ಕೆಲಸದಲ್ಲಿ ಅದರದ್ದೂ ಒಂದು ಪಾಲು. ನಿಮ್ಮ ಅಡಿಕೆ ಇಳುವರಿ ಇದರಿಂದ ಹೆಚ್ಚುತ್ತದೆ ಅಂತ ನಾನು ಹೇಳಲ್ಲ, ಅದು ಸುಳ್ಳಾಗುತ್ತದೆ.

ಆದರೆ ಹೆಸರು ಯಾಕೆ ಬೇಕು ಅನ್ನೋದಕ್ಕೆ ನಿಮ್ಮ ಸೀಮೆಯದ್ದೇ ಉದಾಹರಣೆ ಇದೆ. 2018ರಲ್ಲಿ ಮೆಕ್ಕೆಜೋಳಕ್ಕೆ ಒಂದು ಹುಳು ಬಂತಲ್ಲ? ಸುಳಿಯೊಳಗೆ ಕೂತು ಗರಿ ಜರಡಿ ಮಾಡುತ್ತಿತ್ತು. ಭಾರತದಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗದಲ್ಲಿ. ಅದು ನಮ್ಮ ಹಳೆಯ ಸೈನಿಕ ಹುಳು ಅಲ್ಲ, ಅಮೆರಿಕ ಖಂಡದಿಂದ ಬಂದ ಫಾಲ್ ಸೈನಿಕ ಹುಳು ಅಂತ ಗೊತ್ತಾದ ಮೇಲೆಯೇ ಅದಕ್ಕೆ ತಕ್ಕ ಉಪಾಯ ಹುಡುಕಲು ಆಗಿದ್ದು. ಯಾವುದು ಹಳೆಯದು ಯಾವುದು ಹೊಸದು ಅಂತ ಹೇಳಬೇಕಾದರೆ ಇರುವುದೆಲ್ಲದರ ಪಟ್ಟಿ ಬೇಕು.

ಇನ್ನೊಂದು ಹೇಳುತ್ತೇನೆ. ಅಡಿಕೆ ಗರಿಯ ಕೆಳಗೆ ಕೆಂಪು ನುಸಿ ಇರುತ್ತಲ್ಲ, ಅದನ್ನು ತಿನ್ನುವ ಒಂದು ಪುಟ್ಟ ಕಪ್ಪು ಗುಲಗಂಜಿ ದುಂಬಿ ಇದೆ. ಸ್ಟೆಥೋರಸ್ ಕುಲದ್ದು. ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಅದಕ್ಕೆ ಹೆಸರು ಸಿಕ್ಕಿದ್ದು 1961ರಲ್ಲಿ. ಅದಕ್ಕೂ ಮೊದಲು ಅದು ಇರಲಿಲ್ವಾ? ಇತ್ತು, ನಮ್ಮ ಅಜ್ಜಂದಿರ ತೋಟದಲ್ಲೂ ನುಸಿ ತಿನ್ನುತ್ತಲೇ ಇತ್ತು. ಔಷಧಿ ಹೊಡೆಯುವಾಗ ಅದೂ ಸಾಯುತ್ತದೆ. ಹೆಸರು ಇರುವುದರಿಂದ ಇವತ್ತು ಅದರ ಬಗ್ಗೆ ಒಬ್ಬರು ಇನ್ನೊಬ್ಬರಿಗೆ ಹೇಳಬಹುದು.

ಚನ್ನಗಿರಿ ತೋಟ

ಆ ಕಪ್ಪು ಚುಕ್ಕೆ ನಾನೂ ನೋಡಿದ್ದೇನೆ ತಂಗಿ. ಅದೂ ಪೀಡೆ ಅಂದುಕೊಂಡಿದ್ದೆ. ಇನ್ನು ಮೇಲೆ ಔಷಧಿ ಹೊಡೆಯೋ ಮುಂಚೆ ಗರಿ ಮಗುಚಿ ನೋಡುತ್ತೇನೆ.

ದೊಡ್ಡಪೇಟೆ ಅಕ್ಕ

ನನಗೆ ಬೇರೆ ಸಂಕಟ. ಮಕ್ಕಳ ಕೈಯಲ್ಲಿ ಜೀವ ತೆಗೆಸುವುದು ಸರಿಯೇ? ಫೋಟೋ, ಚಿತ್ರ ಸಾಲದಾ? ಅಷ್ಟು ಚಿಕ್ಕದಾದರೂ ಜೀವವೇ ಅಲ್ವಾ?

ಹಳೆ ಪೆಟ್ಟಿಗೆ

ಅಕ್ಕ, ನಿಮ್ಮ ಸಂಕಟ ನನ್ನದೂ ಆಗಿತ್ತು. ನಲವತ್ತು ವರ್ಷ ಕೀಟ ಕೂಡಿಟ್ಟವನು ನಾನು. ಈ ಗಾತ್ರದ್ದರಲ್ಲಿ ಬೇರೆ ದಾರಿ ಇಲ್ಲ. ಒಳಗಿನ ಚೀಲ ನೋಡದೆ ಹೇಳಲು ಆಗುವುದಿಲ್ಲ, ಜೀವ ಇರುವಾಗ ಅದನ್ನು ನೋಡಲೂ ಆಗುವುದಿಲ್ಲ. ಆದರೆ ಲೆಕ್ಕ ಇಟ್ಟು ತೆಗೆಯಬಹುದು. ಒಂದೊಂದು ರೂಪದಲ್ಲಿ ಹತ್ತಿಪ್ಪತ್ತು ಸಾಕು. ಉಳಿದ ತೊಗಟೆಯನ್ನು ಎಲ್ಲಿಂದ ತೆಗೆದಿರೋ ಅಲ್ಲೇ, ಅದೇ ಮಗ್ಗುಲಿಗೆ ಮುಚ್ಚಿ ಬರಬೇಕು. ತೇವ ಆರಿದರೆ ಒಳಗಿನವೆಲ್ಲ ಹೋಗುತ್ತವೆ. ತೆಗೆದ ಹತ್ತನ್ನು ಹಾಳು ಮಾಡುವುದಿದೆಯಲ್ಲ, ಅದು ನಿಜವಾದ ಪಾಪ.

ಆ ಪಾಪ ನಾನು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. 80ರ ದಶಕದಲ್ಲಿ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಚಂದ್ರವಳ್ಳಿ ಕಡೆ, ಕೋಟೆಯ ಹಿಂದೆ, ಮಾರಿಕಣಿವೆ ದಾರಿಯಲ್ಲಿ ಹಿಡಿದ ದುಂಬಿಗಳನ್ನು ಸೂಜಿಗೆ ಚುಚ್ಚಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಎರಡು ಬೇಸಿಗೆ ಡಾಂಬರ್ ಗುಳಿಗೆ ಹಾಕುವುದು ತಪ್ಪಿತು. ಒಣ ಕೀಟ ತಿನ್ನುವ ಚರ್ಮದ ದುಂಬಿ ಒಳಗೆ ಸೇರಿತು. ಪೆಟ್ಟಿಗೆ ತೆರೆದಾಗ ಸೂಜಿ ಇತ್ತು, ಚೀಟಿ ಇತ್ತು, ದುಂಬಿ ಇರಲಿಲ್ಲ. ಅಡಿಯಲ್ಲಿ ಬರೀ ಪುಡಿ.

ಅದಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು ಚೀಟಿ. "ದುರ್ಗ" ಅಂತಷ್ಟೇ ಬರೆದಿದ್ದೆ. ತಾರೀಕು ಇಲ್ಲ, ಯಾವ ಮರ ಅಂತ ಇಲ್ಲ. ದುಂಬಿ ಉಳಿದಿದ್ದರೂ ಯಾರಿಗೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಮೇಷ್ಟ್ರೇ, ಚೀಟಿ ಮೊದಲು, ಹುಳು ಆಮೇಲೆ. ಹಳ್ಳಿ, ತಾಲ್ಲೂಕು, ಜಿಲ್ಲೆ, ರಾಜ್ಯ. ಫೋನಿನಲ್ಲಿ ಬರುವ ಅಕ್ಷಾಂಶ ರೇಖಾಂಶ. ಸಮುದ್ರ ಮಟ್ಟದಿಂದ ಎತ್ತರ. ತಾರೀಕು. ಯಾವ ಮರದ ದಿಮ್ಮಿ, ಎಷ್ಟು ಕೊಳೆತಿದೆ, ತೊಗಟೆಯ ಕೆಳಗೋ ಮರದ ಪುಡಿಯಲ್ಲೋ. ಹಿಡಿದವರ ಹೆಸರು. ಪೆನ್ಸಿಲ್‌ನಲ್ಲಿ ಬರೆದು ಚೀಟಿಯನ್ನು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ಕರಗಿಹೋಗುತ್ತದೆ.

ಹೊಳಲ್ಕೆರೆ ಮೇಷ್ಟ್ರು

ಸರ್, ನಿಮ್ಮ ಮಾತು ಓದಿ ಎದೆ ಧಸಕ್ ಅಂತು. ನಾನು ತಾರೀಕು ಬರೆದಿರಲಿಲ್ಲ. ಇವತ್ತೇ ಬರೆದೆ. ಹುಡುಗಿಯ ಹೆಸರನ್ನೂ ಬರೆದೆ, ಹಿಡಿದವಳು ಅವಳೇ ತಾನೇ.

ಇನ್ನಷ್ಟು ಹಿಡಿಯುವುದು ಹೇಗೆ? ಕುಂಚ ಒದ್ದೆ ಮಾಡಿ ಒಂದೊಂದೇ ಎತ್ತುತ್ತಿದ್ದೇವೆ. ಅರ್ಧ ಗಂಟೆಗೆ ನಾಲ್ಕು ಸಿಗುತ್ತವೆ, ಕಣ್ಣು ಉರಿಯುತ್ತದೆ.

ಮಂಡಕ್ಕಿ ಭಟ್ಟಿ ಹುಡುಗ

ಸರ್, ನಾನು ದಾವಣಗೆರೆಯವನು, ಕೀಟದ ಬಗ್ಗೆ ಗೊತ್ತಿಲ್ಲ, ಜರಡಿ ಗೊತ್ತು. ನಮ್ಮ ಭಟ್ಟಿಯಲ್ಲಿ ಮಂಡಕ್ಕಿಯಿಂದ ಮರಳು ಬೇರೆ ಮಾಡುವುದು ಜರಡಿಯಲ್ಲೇ. ಮೊದಲು ದೊಡ್ಡ ಕಣ್ಣಿನದರಲ್ಲಿ ಕೊಳೆತ ಮರದ ಪುಡಿ ಆಡಿಸಿ, ಚಕ್ಕೆ ಎಲ್ಲ ಮೇಲೆ ಉಳಿಯುತ್ತದೆ. ಕೆಳಗೆ ಬಿದ್ದದ್ದನ್ನು ಮನೆಯ ಒಂದರಿಯಲ್ಲಿ ಇನ್ನೊಮ್ಮೆ ಆಡಿಸಿ. ಕೆಳಗೆ ಬಿಳಿ ಪಂಚೆ ಹಾಸಿ. ಬಿಳಿ ಮೇಲೆ ನಡೆಯುವುದು ಕಾಣುತ್ತದೆ.

ಕೀಟ ವಿದ್ಯಾರ್ಥಿನಿ

ಇದು ನಿಜಕ್ಕೂ ನಾವು ಮಾಡುವ ಕೆಲಸವೇ. ಜರಡಿ ಆಡಿಸಿದ ಮೇಲೆ ಇನ್ನೊಂದು ಹಂತ ಇದೆ. 1905ರಲ್ಲಿ ಇಟಲಿಯ ಬರ್ಲೀಸ್ ಎಂಬ ಕೀಟಶಾಸ್ತ್ರಜ್ಞ ಮಾಡಿದ ಉಪಾಯ. ನಿಮ್ಮ ಶಾಲೆಯಲ್ಲೇ ಮಾಡಬಹುದು.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗು ಮಾಡಿ. ಅದು ಆಲಿಕೆ ಆಗುತ್ತದೆ. ಒಳಗೆ ಒಂದು ತುಂಡು ಜಾಲರಿ ಇಟ್ಟು ಮೇಲೆ ಪುಡಿಯನ್ನು ಸಡಿಲವಾಗಿ ಹಾಕಿ. ಬಾಯಿಯ ಕೆಳಗೆ ಆಲ್ಕೋಹಾಲ್ ಇರುವ ಚಿಕ್ಕ ಸೀಸೆ. ಮೇಲೆ ಒಂದು ಗೇಣು ಎತ್ತರದಲ್ಲಿ ಹಳೆ ಕಾಲದ ಬಿಸಿಯಾಗುವ ಬಲ್ಬು. ಎಲ್‌ಇಡಿ ಬೇಡ, ಅದಕ್ಕೆ ಶಾಖ ಇಲ್ಲ. ಮೇಲಿಂದ ಒಣಗುತ್ತಾ ಬಂದ ಹಾಗೆ ಒಳಗಿನ ಜೀವಿಗಳು ತೇವ ಹುಡುಕಿ ಕೆಳಗೆ ಇಳಿಯುತ್ತವೆ, ಸೀಸೆಗೆ ಬೀಳುತ್ತವೆ. ಮೂರ್ನಾಲ್ಕು ದಿನ ಬಿಡಿ. ಅವಸರ ಮಾಡಿ ದೊಡ್ಡ ಬಲ್ಬು ಹಾಕಿದರೆ ಇವು ಇಳಿಯುವ ಮೊದಲೇ ಒಣಗಿ ಸಾಯುತ್ತವೆ.

ಫಾರ್ಮಲಿನ್ ಮುಟ್ಟಲೇಬೇಡಿ. ದೇಹ ಗಡುಸಾಗುತ್ತದೆ, ಡಿಎನ್‌ಎಯೂ ಕೆಡುತ್ತದೆ. ಕೆಲವನ್ನು ಶೇ. 70ರ ಆಲ್ಕೋಹಾಲಿನಲ್ಲಿ, ಕೆಲವನ್ನು ಶೇ. 95ಕ್ಕಿಂತ ಜಾಸ್ತಿ ಇರುವುದರಲ್ಲಿ ಇಡಿ.

ಹೊಳಲ್ಕೆರೆ ಮೇಷ್ಟ್ರು

ಮಾಡಿದೆವು! ಬಲ್ಬು ಹುಡುಕುವುದೇ ಕಷ್ಟ ಆಯಿತು. ಕೊನೆಗೆ ಒಬ್ಬ ಹುಡುಗನ ಮನೆಯ ಕೋಳಿ ಗೂಡಿನದ್ದು ಸಿಕ್ಕಿತು. ನಾಲ್ಕು ದಿನಕ್ಕೆ ಸೀಸೆಯಲ್ಲಿ ಐವತ್ತಕ್ಕೂ ಹೆಚ್ಚು ಬಿದ್ದಿದ್ದವು. ಜೊತೆಗೆ ನುಸಿ, ಸುಳ್ಳು ಚೇಳು, ಹಾರುವ ಚಿಕ್ಕ ಬಾಲದ ಹುಳು, ಏನೇನೋ. ಮಕ್ಕಳು ಊಟದ ಬೆಲ್ ಹೊಡೆದರೂ ಏಳಲಿಲ್ಲ.

ಒಂದು ತಪ್ಪು ಆಗಿದೆ. ಪಕ್ಕದಲ್ಲಿ ಒಂದು ಬೇವಿನ ಬೊಡ್ಡೆಯೂ ಇತ್ತು. ಅದರ ಪುಡಿಯನ್ನೂ ಇದೇ ಆಲಿಕೆಗೆ ಹಾಕಿಬಿಟ್ಟೆ.

ಹಳೆ ಪೆಟ್ಟಿಗೆ

ಆ ಸೀಸೆಯನ್ನು ಪಾಠಕ್ಕೆ ಇಟ್ಟುಕೊಳ್ಳಿ, ಪ್ರಭೇದದ ವಿವರಣೆಗೆ ಬೇಡ. ಮಾವು ಬೇರೆ, ಬೇವು ಬೇರೆ, ಮತ್ತೆ ತೆಗೆಯಿರಿ. ಬೇಜಾರಾಗಬೇಡಿ, ಈಗ ಗೊತ್ತಾಗಿದ್ದು ಒಳ್ಳೆಯದಾಯಿತು.

ಜಗಳೂರು ಸೀಮೆ

ಈ ಭಾನುವಾರ ನಾನೂ ಜೋಗಿಮಟ್ಟಿಗೆ ಹೋಗಿ ಎಲೆ ಕಸ ತರಲಾ? ಅಥವಾ ನಮ್ಮ ಕಡೆ ರಂಗಯ್ಯನದುರ್ಗ ಇದೆ.

ಕೀಟ ವಿದ್ಯಾರ್ಥಿನಿ

ದಯವಿಟ್ಟು ಹಾಗೆ ತರಬೇಡಿ ಅಣ್ಣ. ಜೋಗಿಮಟ್ಟಿ ವನ್ಯಧಾಮ, ರಂಗಯ್ಯನದುರ್ಗ ಕೊಂಡುಕುರಿ ಇರುವ ವನ್ಯಧಾಮ. ಅಲ್ಲಿಂದ ಒಂದು ಹುಳು ತೆಗೆಯಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಸ್ವಂತ ತೋಟ, ಹೊಲದ ಬದು, ತಿಪ್ಪೆ, ಇವು ಸಾಕು. ತಿಪ್ಪೆಯನ್ನು ಕಡೆಗಣಿಸಬೇಡಿ, ಗರಿರೆಕ್ಕೆ ದುಂಬಿಗಳಿಗೆ ಹಳೆ ಸಗಣಿ ಬಹಳ ಇಷ್ಟ. ದನ ಜಾಸ್ತಿ ಇರುವ ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರು ಯಾರಾದರೂ ಇದ್ದರೆ ನೋಡಿ.

ಇಲ್ಲಿ ನನ್ನ ಮನಸ್ಸಿನ ಒಂದು ಮಾತು. ಕೀಟ ಹುಡುಕುವವರು ಮಲೆನಾಡಿಗೆ, ಘಟ್ಟಕ್ಕೆ ಹೋಗುತ್ತಾರೆ. ಬ್ರಿಟಿಷರ ಕಾಲದಲ್ಲೂ ಕಾರವಾರದ ಕಡೆ ಬೆಲ್ ಎಂಬ ಅರಣ್ಯಾಧಿಕಾರಿಯಂಥವರು ಕೀಟ ಕೂಡಿಸಿದರು. ನಮ್ಮ ಬಯಲುಸೀಮೆಯ ಕುರುಚಲು ಕಾಡು, ಕಾವಲು, ಬಂಡೆ ಸಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಣ ಸೀಮೆ, ಅಲ್ಲೇನಿರುತ್ತೆ ಅಂತಾರೆ. ನನಗೆ ಇದು ತುಂಬಾ ಬೇಸರದ ವಿಷಯ.

ದೊಡ್ಡಪೇಟೆ ಅಕ್ಕ

ಮಕ್ಕಳು ಯಾವ ಹೆಸರು ಯೋಚಿಸಿದ್ದಾರೆ ಮೇಷ್ಟ್ರೇ? ಅದು ಹೇಳಲೇ ಇಲ್ಲ.

ಹೊಳಲ್ಕೆರೆ ಮೇಷ್ಟ್ರು

ಓಬವ್ವ! ಒಬ್ಬ ಹುಡುಗನ ಯೋಚನೆ. "ಇಷ್ಟು ಚಿಕ್ಕ ಕಿಂಡಿಯಲ್ಲಿ ಇರೋದು, ಓಬವ್ವನ ಕಿಂಡಿ ಥರ" ಅಂದ. ತರಗತಿ ಪೂರ್ತಿ ಒಪ್ಪಿತು. ಹೀಗೆ ಇಡಬಹುದಾ?

ಕೀಟ ವಿದ್ಯಾರ್ಥಿನಿ

ಎಷ್ಟು ಒಳ್ಳೆಯ ಯೋಚನೆ! ಇಡಬಹುದು. ಪ್ರಾಣಿಗಳ ಹೆಸರಿಗೆ ಲ್ಯಾಟಿನ್ ವ್ಯಾಕರಣ. ಗಂಡಸಿನ ಹೆಸರಾದರೆ ಕೊನೆಗೆ "ಇ" ಬರುತ್ತದೆ, ಹೆಂಗಸಿನದಾದರೆ "ಏ" ಉಚ್ಚಾರದ ಅಕ್ಷರ ಜೋಡಿ. ಹಾಗಾಗಿ "ಓಬವ್ವೇ" ಆಗುತ್ತದೆ. ಇದೇ ಕುಟುಂಬದಲ್ಲಿ ಉದಾಹರಣೆ ಇದೆ. ಹವಾಮಾನಕ್ಕಾಗಿ ಹೋರಾಡಿದ ಹುಡುಗಿ ಗ್ರೆಟಾ ಥನ್‌ಬರ್ಗ್ ಹೆಸರನ್ನು ಕೀನ್ಯಾದ ಒಂದು ಗರಿರೆಕ್ಕೆ ದುಂಬಿಗೆ 2019ರಲ್ಲಿ ಇಟ್ಟರು. ನೆಲ್ಲೊಪ್ಟೋಡಿಸ್ ಗ್ರೆಟೇ. ಉದ್ದ 0.79 ಮಿ.ಮೀ., ಕಣ್ಣಿಲ್ಲ, ರೆಕ್ಕೆಯಿಲ್ಲ. ಅದನ್ನು ಹಿಡಿದಿದ್ದು 1960ರ ದಶಕದಲ್ಲಿ. ಲಂಡನ್ನಿನ ಸಂಗ್ರಹಾಲಯದಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಸುಮ್ನೆ ಕೂತಿತ್ತು, ಒಬ್ಬರು ಕೂತು ನೋಡುವವರೆಗೆ. ಇದು ಅಪರೂಪ ಅಲ್ಲ. ಹಿಡಿದ ದಿನದಿಂದ ಹೆಸರು ಬರುವವರೆಗೆ ಸರಾಸರಿ 21 ವರ್ಷ ಆಗುತ್ತದೆ ಅಂತ 2012ರ ಒಂದು ಅಧ್ಯಯನದಲ್ಲಿದೆ.

ಹಳೆ ಪೆಟ್ಟಿಗೆ

ನನ್ನ ಅಭಿಪ್ರಾಯ ಬೇರೆ. ಊರಿನ ಹೆಸರು ಇಟ್ಟರೆ ಒಳ್ಳೆಯದು. ಹುಳು ಎಲ್ಲಿಯದು ಅಂತ ಹೆಸರೇ ಹೇಳುತ್ತದೆ. "ಚಿತ್ರದುರ್ಗೆನ್ಸಿಸ್" ಅಂತ. ಕುಲದ ಹೆಸರು ನಪುಂಸಕ ಲಿಂಗ ಆದರೆ "ಚಿತ್ರದುರ್ಗೆನ್ಸೆ" ಆಗಬೇಕು, ಅದನ್ನು ಮರೆಯಬೇಡಿ.

ಕೀಟ ವಿದ್ಯಾರ್ಥಿನಿ

ಸರ್, ನಾಳೆ ಇದೇ ದುಂಬಿ ಬಳ್ಳಾರಿಯಲ್ಲೂ ತುಮಕೂರಿನಲ್ಲೂ ಸಿಕ್ಕರೆ? ಒಂದು ಜಿಲ್ಲೆಯ ಹೆಸರು ಹೊತ್ತುಕೊಂಡು ಎಲ್ಲ ಕಡೆ ಓಡಾಡುವ ಪ್ರಭೇದ ಬೇಕಾದಷ್ಟಿವೆ. ನನಗೆ ಓಬವ್ವನೇ ಇಷ್ಟ.

ಆದರೆ ಮೇಷ್ಟ್ರೇ, ಒಂದು ಮಾತು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಈ ಹೆಸರನ್ನು ಲ್ಯಾಟಿನ್ ರೂಪದಲ್ಲಿ, ಕುಲದ ಹೆಸರಿನ ಜೊತೆ, ಯಾವ ಪತ್ರಿಕೆಗೂ ಈಗ ಕೊಡಬೇಡಿ. ವಿವರಣೆ ಇಲ್ಲದೆ ಅಚ್ಚಾದ ಹೆಸರಿಗೆ ಬತ್ತಲೆ ಹೆಸರು ಅಂತಾರೆ. ಅದಕ್ಕೆ ಬೆಲೆ ಇಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಪ್ರಾಣಿಗಳ ಹೆಸರಿನ ಲೆಕ್ಕ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ 1758ರ ಪುಸ್ತಕದಿಂದ ಶುರು. ಅಲ್ಲಿಂದ ಈಚೆಗೆ ಯಾರು ಮೊದಲು ಸರಿಯಾಗಿ ಪ್ರಕಟಿಸಿದರೋ ಅವರ ಹೆಸರೇ ನಿಲ್ಲುತ್ತದೆ. ನಮ್ಮ ಅಕ್ಕಿ ಡಬ್ಬಿಯ ಮೂತಿ ಹುಳುವಿಗೆ ಅವನು 1763ರಲ್ಲಿ ಇಟ್ಟ "ಓರೈಝೇ" ಇವತ್ತೂ ಅದೇ.

ನಿಮ್ಮ ದುಂಬಿಗೆ ಹೆಸರು ಬರಬೇಕಾದರೆ ಹೀಗಾಗಬೇಕು. ಮೊದಲು ಕುಲ ಯಾವುದು ಅಂತ ತೀರ್ಮಾನ. ಆ ಕುಲದಲ್ಲಿ ಈವರೆಗೆ ಹೆಸರು ಪಡೆದ ಎಲ್ಲದರ ವಿವರಣೆ ಓದಬೇಕು, ನಮ್ಮ ದೇಶದ್ದು ಮಾತ್ರ ಅಲ್ಲ. ಶ್ರೀಲಂಕಾ, ಬರ್ಮಾ, ಆಫ್ರಿಕಾದ್ದೂ. ಕೊಳೆತ ಮರದ ಜೊತೆ ಹಡಗಿನಲ್ಲಿ ಬಂದಿರಲೂಬಹುದಲ್ಲ? ಹಳೆಯ ವಿವರಣೆ ಎರಡು ಸಾಲು ಇರುತ್ತದೆ, ಚಿತ್ರ ಇರುವುದಿಲ್ಲ. ಆಗ ಹೆಸರು ಇಡುವಾಗ ಆಧಾರವಾಗಿ ಇಟ್ಟುಕೊಂಡ ಅದೇ ದುಂಬಿಯನ್ನು, ಅಂದರೆ ಹೋಲೋಟೈಪನ್ನು, ಸಂಗ್ರಹಾಲಯದಿಂದ ತರಿಸಿಯೋ ಫೋಟೋ ತರಿಸಿಯೋ ನೋಡಬೇಕು. ಜಾಸ್ತಿ ಸಮಯ ಹೋಗುವುದು ಇಲ್ಲೇ. ಇದರಿಂದ ತಪ್ಪಿಸಿಕೊಂಡವರು ಹಳೆ ಪ್ರಭೇದಕ್ಕೇ ಹೊಸ ಹೆಸರು ಇಟ್ಟುಬಿಡುತ್ತಾರೆ.

ಎಲ್ಲದರಿಂದಲೂ ಬೇರೆ ಅಂತ ಗಟ್ಟಿಯಾದರೆ ಒಂದು ದುಂಬಿಯನ್ನು ಹೋಲೋಟೈಪ್ ಅಂತ ಆರಿಸಬೇಕು. ಒಂದೇ ಒಂದು. ಜೊತೆಯವು ಪ್ಯಾರಾಟೈಪ್. ಹೋಲೋಟೈಪ್ ಯಾವ ಸಂಗ್ರಹದಲ್ಲಿ ಇರುತ್ತದೆ ಅಂತ ಬರೆಯಲೇಬೇಕು. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯಲ್ಲೂ ಹೊಸ ಪ್ರಭೇದ ಸಿಕ್ಕರೆ ಗೊತ್ತುಮಾಡಿದ ಸಂಸ್ಥೆಗೆ ತಿಳಿಸಿ, ಮಾದರಿಯನ್ನು ಅಲ್ಲಿ ಇಡಬೇಕು ಅಂತಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಇದೆ, ಕೋಲ್ಕತ್ತದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಇದೆ. ಆಮೇಲೆ ಬರವಣಿಗೆ. ಹತ್ತಿರದವುಗಳಿಂದ ಇದು ಹೇಗೆ ಬೇರೆ, ತಲೆಯಿಂದ ಬಾಲದವರೆಗೆ ಅಳತೆ, ಚಿತ್ರ, ಹೆಸರಿನ ಅರ್ಥ. ಓಬವ್ವನ ಕಥೆ ಬರೆಯುವ ಜಾಗ ಅಲ್ಲಿದೆ. ತಿಳಿದವರು ಓದಿ ಒಪ್ಪಿದ ಮೇಲೆ ಪ್ರಕಟಣೆ.

ಮಂಡಕ್ಕಿ ಭಟ್ಟಿ ಹುಡುಗ

ಡಿಎನ್‌ಎ ನೋಡಿದರೆ ಒಂದೇ ದಿನಕ್ಕೆ ಗೊತ್ತಾಗಲ್ವಾ ಅಕ್ಕ?

ಕೀಟ ವಿದ್ಯಾರ್ಥಿನಿ

ಸಹಾಯ ಆಗುತ್ತೆ ತಮ್ಮ. ಸುಮಾರು 650 ಅಕ್ಷರದ ಒಂದು ವಂಶವಾಹಿ ತುಂಡು ಓದುತ್ತಾರೆ, ಬಾರ್‌ಕೋಡ್ ಅಂತಾರೆ. ಹಳದಿಯದ್ದೂ ಕಂದಿನದ್ದೂ ಒಂದೇನಾ ಅಂತ ನೋಡಲು ಅದು ಒಳ್ಳೆಯದು. ಆದರೆ ಹೋಲಿಸಲು ಬೇರೆ ಪ್ರಭೇದಗಳ ಬಾರ್‌ಕೋಡ್ ಮೊದಲೇ ಇರಬೇಕು. ಇಷ್ಟು ಚಿಕ್ಕವುಗಳದ್ದು ಇರುವುದೇ ಕಡಿಮೆ. ಅಂಗಡಿಯ ಯಂತ್ರದಲ್ಲಿ ಬೆಲೆ ಹಾಕಿರದ ಸಾಮಾನಿನ ಹಾಗೆ.

ಹೊಳಲ್ಕೆರೆ ಮೇಷ್ಟ್ರು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆ ಇತ್ತು. ದಸರಾ ರಜೆಯಲ್ಲಿ ಮಾವಿನ ದಿಮ್ಮಿಯ ಸೀಸೆ ತೆಗೆದುಕೊಂಡು ಬೆಂಗಳೂರಿಗೆ ಹೋಗಿದ್ದೆ. ಇಲ್ಲಿ ಉತ್ತರಿಸುತ್ತಿರುವ ಕೀಟಶಾಸ್ತ್ರದ ತಂಗಿ ತಮ್ಮ ಲ್ಯಾಬಿನಲ್ಲಿ ಕೂರಿಸಿಕೊಂಡು ತೋರಿಸಿದರು. ಎರಡು ಹಳದಿ ಹೆಣ್ಣು, ಎರಡು ಕಂದು ಹೆಣ್ಣು ತೆಗೆದುಕೊಂಡೆವು. ಕಾಸ್ಟಿಕ್ ದ್ರಾವಣದಲ್ಲಿ ನೆನೆಸಿ ಮಾಂಸ ಕರಗಿಸಿ, ಹೊಟ್ಟೆ ಬಿಡಿಸಿ, ಸ್ಲೈಡ್ ಮೇಲೆ ಇಟ್ಟರು. ಒಂದು ಹಳದಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ಇತ್ತು. ಒಂದೇ. ದೇಹದ ಅರ್ಧದಷ್ಟು ಉದ್ದ! ಇಷ್ಟು ಚಿಕ್ಕದಾದ ಮೇಲೆ ಒಂದು ಸಲಕ್ಕೆ ಒಂದಕ್ಕಿಂತ ಜಾಸ್ತಿ ಹೊರಲು ಜಾಗ ಇಲ್ಲವಂತೆ.

ಆಮೇಲೆ ಆ ಚೀಲ ಕಂಡಿತು. ನಮ್ಮ ಊರಿನ ಕುಡುಗೋಲಿನ ಆಕಾರ, ಬುಡದಲ್ಲಿ ಒಂದು ಗುಂಡು. ಹಳದಿಯಲ್ಲೂ ಅದೇ, ಕಂದಿನಲ್ಲೂ ಅದೇ. ನಾನು ನಾಲ್ಕೂ ಸ್ಲೈಡ್ ಮತ್ತೆ ಮತ್ತೆ ನೋಡಿದೆ. ಒಂದೇ ಪ್ರಭೇದ ಇರಬೇಕು.

ಕೀಟ ವಿದ್ಯಾರ್ಥಿನಿ

ನಾಲ್ಕು ಸಾಲದು, ಇನ್ನೂ ಹತ್ತಾದರೂ ನೋಡಬೇಕು. ಗಂಡು ಸಿಗಬೇಕು. ಕುಲದ ಬಗ್ಗೆ ನನ್ನ ಊಹೆ ಇದೆ, ಇಲ್ಲಿ ಬರೆಯುವುದಿಲ್ಲ. ಹಳೆಯ ವಿವರಣೆಗಳನ್ನು ತರಿಸುತ್ತಿದ್ದೇನೆ. ಮೊದಲೇ ಹೆಸರಿರುವ ಪ್ರಭೇದ ಅಂತ ಗೊತ್ತಾದರೆ ಮಕ್ಕಳಿಗೆ ಬೇಜಾರಾಗಬಹುದು, ಮೊದಲೇ ಹೇಳಿಡಿ ಮೇಷ್ಟ್ರೇ. ಆದರೂ ಹೊಳಲ್ಕೆರೆಯಲ್ಲಿ ಇದೆ ಅಂತ ತೋರಿಸಿದವರು ಅವರೇ ಆಗುತ್ತಾರೆ.

ಹೊಳಲ್ಕೆರೆ ಮೇಷ್ಟ್ರು

ಹೇಳಿದ್ದೇನೆ. "ಹಾಗಾದ್ರೆ ಬೇವಿನ ಬೊಡ್ಡೆ ನೋಡೋಣ ಸರ್" ಅಂದರು.

ಇನ್ನೊಂದು ವಿಷಯ. ಆ ದಿಮ್ಮಿಯನ್ನು ಈ ಬೇಸಿಗೆಯಲ್ಲಿ ಒಡೆದು ಅಡಿಕೆ ಬೇಯಿಸುವ ಒಲೆಗೆ ಹಾಕಬೇಕು ಅಂತ ಅಪ್ಪ ಲೆಕ್ಕ ಹಾಕಿದ್ದರು. ನಾನು ಏನು ಹೇಳಿದರೂ ಒಪ್ಪಿರಲಿಲ್ಲ. ನಿನ್ನೆ ಆ ಹುಡುಗಿ ಮನೆಗೆ ಬಂದು ಅಜ್ಜನನ್ನು ತೋಟಕ್ಕೆ ಕರೆದುಕೊಂಡು ಹೋದಳು. ತೊಗಟೆ ಎತ್ತಿ, ಭೂತಗನ್ನಡಿ ಅವರ ಕೈಗೆ ಕೊಟ್ಟಳು. ಅಪ್ಪ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದರು. ಎದ್ದು ಬಂದು, "ಸೌದೆ ಬೇರೆ ಕಡೆ ನೋಡೋಣ ಬಿಡು" ಅಂದರು.

ಭಾನುವಾರ ಬೆಳಗ್ಗೆ ಎಂಟಕ್ಕೆ ಮತ್ತೆ ಜರಡಿ ಆಡಿಸುತ್ತೇವೆ. ಬರುವವರು ಒಂದರಿ ಮತ್ತು ಬಿಳಿ ಪಂಚೆ ತನ್ನಿ. ಚೀಟಿ, ಪೆನ್ಸಿಲ್ ನನ್ನ ಹತ್ತಿರ ಇದೆ.